ಮೋಟರ್‌ಹೋಮ್‌ನ ಕರೆಂಟ್ ಮೆಟ್ಟಿಲು ಕೈಕೊಟ್ಟಿದೆಯೇ? ಮೋಟರ್ ಕೊಳ್ಳುವ ಮೊದಲು ಈ ಕ್ರಮದಲ್ಲಿ ನೋಡಿ

ಅಮೆರಿಕದಲ್ಲಿ ಹಳೆ ಮೋಟರ್‌ಹೋಮ್, ಅಂದರೆ ಒಳಗೇ ಮನೆ ಇರುವ ಗಾಡಿ, ಕೊಂಡ ನಮ್ಮವರು ನನಗೆ ಫೋನ್ ಮಾಡಿ ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು. "ಮೆಟ್ಟಿಲು ಹೊರಗೆ ಬರ್ತಿಲ್ಲ, ಹೊಸ ಮೋಟರ್ ಹಾಕಿದೆ, ಆದರೂ ಬರ್ತಿಲ್ಲ." ಬಾಗಿಲು ತೆಗೆದಾಗ ತಾನೇ ಹೊರಗೆ ಬರುವ ಕರೆಂಟ್ ಮೆಟ್ಟಿಲಿನ ಮಾತು ಇದು. ಈ ಬೇಸಿಗೆಯಲ್ಲೇ ಇಬ್ಬರು ಹೀಗೆ ಕರೆ ಮಾಡಿದರು. ಒಬ್ಬರ ಗಾಡಿಯಲ್ಲಿ ಕೆಟ್ಟಿದ್ದು ಬಾಗಿಲ ಚೌಕಟ್ಟಿನಲ್ಲಿದ್ದ ಬೆರಳುದ್ದದ ಸ್ವಿಚ್. ಇನ್ನೊಬ್ಬರದ್ದು ಕಿಲುಬು ಹಿಡಿದ ಒಂದು ಪ್ಲಗ್ಗು. ಮೋಟರ್‌ಗಳು ಎರಡೂ ಚೆನ್ನಾಗಿಯೇ ಇದ್ದವು.

ತಪ್ಪಾಗುವುದು ಕೆಲಸದಲ್ಲಲ್ಲ, ಕ್ರಮದಲ್ಲಿ. ಕಣ್ಣಿಗೆ ಕಾಣುವುದು ಮೋಟರ್ ಒಂದೇ, ಹಾಗಾಗಿ ಎಲ್ಲರೂ ಮೊದಲು ಅದಕ್ಕೇ ಕೈ ಹಾಕುತ್ತಾರೆ. ಅದಕ್ಕಿಂತ ಮೊದಲು ನೋಡಬೇಕಾದ್ದು ಐದಾರು ಇವೆ. ಅವುಗಳಲ್ಲಿ ಜಾಸ್ತಿ ಪಾಲು ಪುಕ್ಕಟೆ ರಿಪೇರಿ ಆಗುವಂಥವು.

ಇದು ಅನುಕೂಲದ ಮಾತಷ್ಟೇ ಅಲ್ಲ. ಎರಡು ವರ್ಷದ ಹಿಂದೆ ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್ ಹತ್ತಿರ ಗಾಡಿ ನಿಲ್ಲಿಸಿದ್ದೆವು. ಊರಿಂದ ಬಂದಿದ್ದ ಅಮ್ಮ ಸೀರೆ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಗಿಲು ತೆಗೆದು, ದಿನವೂ ಇಡುತ್ತಿದ್ದ ಜಾಗದಲ್ಲೇ ಕಾಲಿಟ್ಟರು. ಮೆಟ್ಟಿಲು ಅರ್ಧ ಬಂದು ನಿಂತುಬಿಟ್ಟಿತ್ತು. ಕೆಳಗೇ ನಿಂತಿದ್ದ ನಾನು ಭುಜ ಹಿಡಿದೆ, ಏನೂ ಆಗಲಿಲ್ಲ. ಅದಕ್ಕಿಂತ ಮೊದಲು ಒಂದು ವಾರದಿಂದ ಆ ಮೆಟ್ಟಿಲು ನಿಧಾನ ಆಗಿತ್ತು. ನೋಡಿಯೂ ಸುಮ್ನೆ ಇದ್ದೆ.

## ಕೆಲಸಕ್ಕೆ ಮೊದಲು: ಮೆಟ್ಟಿಲು ಯಾರ ಮಾತು ಕೇಳುತ್ತದೆ

ಅಮೆರಿಕದ ಮೋಟರ್‌ಹೋಮ್‌ಗಳಲ್ಲಿ ಜಾಸ್ತಿ ಕಾಣುವುದು ಕ್ವಿಕೀ ಮೆಟ್ಟಿಲು. ಬೇರೆ ಕಂಪನಿಯದ್ದಾದರೂ ತತ್ವ ಹೆಚ್ಚುಕಮ್ಮಿ ಇದೇ. ಮೆಟ್ಟಿಲಿನ ಜೊತೆಗೇ ಒಂದು ಕಂಟ್ರೋಲ್ ಡಬ್ಬಿ ಇರುತ್ತದೆ. ಮೋಟರ್‌ಗೆ ಅಪ್ಪಣೆ ಕೊಡುವುದು ಅದು. ಅದಕ್ಕೆ ಹೊರಗಿಂದ ಐದು ವಿಷಯ ಬೇಕು.

ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ಬರುವ 12 ವೋಲ್ಟ್. ವಾಪಸ್ ಹೋಗುವ ಬಾಡಿ ಅರ್ಥ್, ಅಂದರೆ ಗಾಡಿಯ ಕಬ್ಬಿಣದ ಫ್ರೇಮಿನ ಮೂಲಕ ಬ್ಯಾಟರಿ ನೆಗೆಟಿವ್‌ಗೆ ಹೋಗುವ ದಾರಿ. ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಎಂಬ ಸುದ್ದಿ. ಇಗ್ನಿಷನ್ ಆನ್ ಆಗಿದೆಯೋ ಇಲ್ಲವೋ ಎಂಬ ಸುದ್ದಿ. ಕೊನೆಗೆ, ಒಳಗೆ ಬಾಗಿಲ ಪಕ್ಕದ ಮೆಟ್ಟಿಲು ಸ್ವಿಚ್.

ಸ್ವಿಚ್ ಆನ್ ಇದ್ದರೆ ಬಾಗಿಲು ತೆಗೆದಾಗ ಮೆಟ್ಟಿಲು ಹೊರಗೆ, ಮುಚ್ಚಿದಾಗ ಒಳಗೆ. ಮೆಟ್ಟಿಲು ಹೊರಗಿದ್ದಾಗ ಸ್ವಿಚ್ ಆಫ್ ಮಾಡಿದರೆ ಹೊರಗೇ ನಿಲ್ಲುತ್ತದೆ. ಆಮೇಲೆ ಬಾಗಿಲು ಮುಚ್ಚಿ ಇಗ್ನಿಷನ್ ಆನ್ ಮಾಡಿದರೆ, ಸ್ವಿಚ್ ಆಫ್ ಇದ್ದರೂ ಮೆಟ್ಟಿಲು ಒಳಗೆ ಬರಬೇಕು. ಮರೆತು ಗಾಡಿ ಓಡಿಸಿಬಿಡಬಾರದು ಅಂತ ಈ ವ್ಯವಸ್ಥೆ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಮೆಟ್ಟಿಲು ಪೂರ್ತಿ ಬಂತೋ ಇಲ್ಲವೋ ಅಂತ ಡಬ್ಬಿ ಹೇಗೆ ತಿಳಿಯುತ್ತದೆ? ಕ್ವಿಕೀ ತರದ ಮೆಟ್ಟಿಲುಗಳಲ್ಲಿ ಅದು ಮೋಟರ್ ಎಳೆಯುವ ಕರೆಂಟನ್ನು ಗಮನಿಸುತ್ತದೆ. ಮೆಟ್ಟಿಲು ಕೊನೆ ಮುಟ್ಟಿದಾಗ ಮೋಟರ್ ತಡೆದು ನಿಲ್ಲುತ್ತದೆ, ಕರೆಂಟ್ ಏರುತ್ತದೆ, ಡಬ್ಬಿ ಬಂದ್ ಮಾಡುತ್ತದೆ. ಕೀಲುಗಳು ಒಣಗಿ ಬಿಗಿಯಾದರೂ ಕರೆಂಟ್ ಏರುತ್ತದೆ ಅಲ್ವಾ? ಆಗ ಡಬ್ಬಿ "ಕೊನೆ ಬಂತು" ಅಂದುಕೊಂಡು ಅರ್ಧದಲ್ಲೇ ನಿಲ್ಲಿಸುತ್ತದೆ. ಕರೆಂಟಿನ ದೋಷದ ಹಾಗೆ ಕಾಣುವ ಎಷ್ಟೋ ಕೇಸುಗಳು ನಿಜವಾಗಿ ಎಣ್ಣೆಯ ದೋಷ.

## ಬೇಕಾದ ಸಾಮಾನು

ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ಅದರ ಜೊತೆಗೆ 55 ವಾಟಿನ ಹಳೆ ಕಾರ್ ಹೆಡ್‌ಲೈಟ್ ಬಲ್ಬು, ಅದಕ್ಕೆ ಎರಡು ವೈರು ಮತ್ತು ಮೊಸಳೆ ಕ್ಲಿಪ್. ಇದನ್ನು ದಯವಿಟ್ಟು ಬಿಡಬೇಡಿ. ಮೀಟರ್ ಹೇಳದ ಸತ್ಯವನ್ನು ಈ ಬಲ್ಬು ಹೇಳುತ್ತದೆ.

20 ಆಂಪ್ ಫ್ಯೂಸ್ ಇರುವ ಎರಡು ಉದ್ದನೆ ಜಂಪರ್ ವೈರು, ಒಂದು ಬಿಡಿ ಮ್ಯಾಗ್ನೆಟ್, ತಂತಿ ಬ್ರಷ್, ಉಪ್ಪು ಕಾಗದ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಡೈಎಲೆಕ್ಟ್ರಿಕ್ ಗ್ರೀಸ್ (ಪ್ಲಗ್ಗಿನೊಳಗೆ ನೀರು ಸೇರದ ಹಾಗೆ ಹಚ್ಚುವುದು), ಕಟಿಂಗ್ ಪ್ಲೈಯರ್, ಸ್ಪ್ಯಾನರ್ ಸೆಟ್ಟು, ಹೊಸ ಕಾಟರ್ ಪಿನ್ನುಗಳು (ತೂರಿಸಿ ಎರಡು ಕಾಲು ಮಡಚುವ ಚಿಕ್ಕ ಪಿನ್) ಬೇಕು. ಕಣ್ಣಿಗೆ ಕನ್ನಡಕ ಇರಲಿ, ಕೆಳಗಿಂದ ಮೇಲೆ ನೋಡುವಾಗ ತುಕ್ಕು ನೇರ ಕಣ್ಣಿಗೇ ಉದುರುತ್ತದೆ.

## ಸುರಕ್ಷತೆ: ಇಲ್ಲಿ ರಾಜಿ ಬೇಡ

ಗಾಡಿ ಸಮತಟ್ಟು ಜಾಗದಲ್ಲಿರಲಿ. ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡ ಕೊಡಿ.

ಏರ್ ಸಸ್ಪೆನ್ಷನ್ ಇರುವ ದೊಡ್ಡ ಗಾಡಿಯ ಕೆಳಗೆ, ಸರಿಯಾದ ಸ್ಟ್ಯಾಂಡ್ ಕೊಡದೆ ತಲೆ ಹಾಕಬೇಡಿ. ಗಾಳಿ ಇಳಿದರೆ ಗಾಡಿಯೇ ಕೆಳಗೆ ಬರುತ್ತದೆ. ಗಾಡಿಯನ್ನು ಸಮ ಮಾಡಿ ನಿಲ್ಲಿಸುವ ಲೆವೆಲಿಂಗ್ ಜಾಕ್‌ಗಳನ್ನೂ ನಂಬಿ ಮಲಗುವ ಹಾಗಿಲ್ಲ. ಮೆಟ್ಟಿಲು ಇರುವುದು ಗಾಡಿಯ ಅಂಚಿನಲ್ಲಿ, ಜಾಸ್ತಿ ಕೆಲಸ ಪಕ್ಕದಲ್ಲಿ ಕೂತೇ ಮಾಡಬಹುದು.

ಕೀಲುಗಳ ಮಧ್ಯೆ ಬೆರಳು ಹಾಕುವ ಮುಂಚೆ ಪ್ರತಿಸಲವೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ ಆಫ್ ಇದ್ದರೂ ಇಗ್ನಿಷನ್ ಆನ್ ಆದರೆ ಮೆಟ್ಟಿಲು ಚಲಿಸುತ್ತದೆ ಅಂತ ಮೇಲೆ ನೋಡಿದೆವಲ್ಲ. ಒಳಗಿರುವವರಿಗೆ, ಮಕ್ಕಳಿಗಂತೂ, ಬಾಗಿಲು ಮುಟ್ಟಬೇಡಿ ಅಂತ ಮೊದಲೇ ಹೇಳಿ.

## ಹಂತ 1: ಕಿವಿಗೊಟ್ಟು ಕೇಳಿ

ಒಬ್ಬರು ಒಳಗಿಂದ ಬಾಗಿಲು ತೆಗೆದು ಮುಚ್ಚಲಿ, ನೀವು ಹೊರಗೆ ಮೆಟ್ಟಿಲ ಪಕ್ಕದಲ್ಲಿ ಕೂತು ಕೇಳಿ.

ಸದ್ದೇ ಇಲ್ಲವೆಂದರೆ ಕರೆಂಟ್, ಅರ್ಥ್ ಅಥವಾ ಬಾಗಿಲ ಸ್ವಿಚ್ ಕಡೆ ಬೊಟ್ಟು ಮಾಡಬಹುದು. ಹಂತ 2ರಿಂದ ಶುರು ಮಾಡಿ.

ಟಕ್ ಅಂತ ಒಂದು ಸದ್ದಾಗಿ ಮೆಟ್ಟಿಲು ಅಲುಗದೆ ನಿಂತರೆ, ಅಪ್ಪಣೆ ಬಂದಿದೆ ಆದರೆ ಶಕ್ತಿ ಸಾಲುತ್ತಿಲ್ಲ. ಇಲ್ಲವೇ ಕೀಲು ಹಿಡಿದುಕೊಂಡಿದೆ. ಹಂತ 4 ಮತ್ತು 6.

ಗುಂಯ್ ಅಂತ ಮೋಟರ್ ಆರಾಮಾಗಿ ತಿರುಗುತ್ತಿದೆ, ಮೆಟ್ಟಿಲು ಮಾತ್ರ ಅಲುಗುತ್ತಿಲ್ಲ. ಗೇರ್ ಹಲ್ಲು ಸವೆದಿದೆ ಅಥವಾ ಮೋಟರಿಗೂ ಮೆಟ್ಟಿಲಿಗೂ ಇರುವ ಕೊಂಡಿಯ ಪಿನ್ ಬಿದ್ದುಹೋಗಿದೆ. ನೇರ ಹಂತ 6ಕ್ಕೆ ಹೋಗಿ.

ಹೊರಗೆ ಬರುತ್ತದೆ, ಒಳಗೆ ಹೋಗುವುದಿಲ್ಲ. ಇದರಲ್ಲಿ ನನ್ನ ಮೊದಲ ಅನುಮಾನ ಬಾಗಿಲ ಮ್ಯಾಗ್ನೆಟ್ ಮೇಲೆ, ಹಂತ 3.

ಮೆಟ್ಟಿಲ ಕೆಳಗೆ ದೀಪ ಇರುವ ಮಾಡೆಲ್ ಆದರೆ ಅದನ್ನೂ ಗಮನಿಸಿ. ಬಾಗಿಲು ತೆಗೆದಾಗ ದೀಪ ಹೊತ್ತಿಕೊಂಡರೆ ಡಬ್ಬಿ ಎಚ್ಚರವಾಗಿದೆ, ಬಾಗಿಲು ತೆರೆದಿದೆ ಅನ್ನೋ ಸುದ್ದಿ ಅದಕ್ಕೆ ಮುಟ್ಟಿದೆ ಅಂತ ಅರ್ಥ. ಅರ್ಧ ಹುಡುಕಾಟ ಅಲ್ಲಿಗೇ ಮುಗಿಯಿತು.

## ಹಂತ 2: ಸ್ವಿಚ್, ಫ್ಯೂಸ್, ಬ್ಯಾಟರಿ

ಒಳಗಿನ ಸ್ವಿಚ್ ಆನ್ ಇದೆಯೇ? ಹತ್ತಿ ಇಳಿಯುವಾಗ ಮಗುವಿನ ಕೈ ತಗುಲಿ ಆಫ್ ಆಗಿರುತ್ತದೆ. ಬಾಗಿಲ ಹತ್ತಿರವೇ ಇರುವ ಬ್ಯಾಟರಿ ಡಿಸ್‌ಕನೆಕ್ಟ್ ಸ್ವಿಚ್ಚನ್ನೂ ನೋಡಿ. ಕೆಲವು ಗಾಡಿಗಳಲ್ಲಿ ಮೆಟ್ಟಿಲಿನ ಕರೆಂಟ್ ಅದನ್ನು ದಾಟಿಯೇ ಬರುತ್ತದೆ.

ಫ್ಯೂಸ್ ಎಲ್ಲಿದೆ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಬ್ಯಾಟರಿ ಖಾನೆಯಲ್ಲಿ, ಮುಂದಿನ ಬಾನೆಟ್ ಒಳಗೆ, ಇಲ್ಲವೇ ಮೆಟ್ಟಿಲ ಹತ್ತಿರದಲ್ಲೇ ವೈರಿನ ಮಧ್ಯೆ ಇರುತ್ತದೆ. ಕಣ್ಣಲ್ಲಿ ನೋಡಿ "ಚೆನ್ನಾಗಿದೆ" ಅನ್ನಬೇಡಿ, ಮೀಟರ್ ಹಿಡಿದು ಎರಡೂ ಕಡೆ 12 ವೋಲ್ಟ್ ಇದೆಯೇ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪ್‌ನ ಫ್ಯೂಸ್ ಹಾಕಿ. 25ರ ಜಾಗಕ್ಕೆ 40 ಹಾಕಿದರೆ ಫ್ಯೂಸ್ ಉಳಿಯುತ್ತದೆ, ವೈರು ಸುಡುತ್ತದೆ. ಹೊಸದೂ ತಕ್ಷಣ ಹಾರಿದರೆ ಮೂರನೆಯದು ಹಾಕಬೇಡಿ. ಎಲ್ಲೋ ವೈರು ಉಜ್ಜಿ ಬಾಡಿಗೆ ತಗುಲುತ್ತಿದೆ, ಅಥವಾ ಮೆಟ್ಟಿಲು ಜಾಮ್ ಆಗಿದೆ.

ಬ್ಯಾಟರಿ ವಿಷಯದಲ್ಲಿ ಒಂದು ಮೋಸ ಇದೆ. "ಒಳಗೆ ಲೈಟ್ ಎಲ್ಲ ಚೆನ್ನಾಗಿ ಉರಿಯುತ್ತಿವೆ, ಬ್ಯಾಟರಿ ಸರಿಯಾಗಿದೆ" ಅನ್ನುತ್ತಾರೆ. ಮೋಟರ್‌ಹೋಮ್‌ನಲ್ಲಿ ಎರಡು ಬ್ಯಾಟರಿ ವ್ಯವಸ್ಥೆ. ಮನೆ ಭಾಗಕ್ಕೆ ಒಂದು, ಎಂಜಿನ್‌ಗೆ ಇನ್ನೊಂದು. ಮೆಟ್ಟಿಲಿಗೆ ಎಂಜಿನ್ ಬ್ಯಾಟರಿಯಿಂದ ಕರೆಂಟ್ ಕೊಟ್ಟಿರುವ ಗಾಡಿಗಳು ಬೇಕಾದಷ್ಟಿವೆ. ಕ್ಯಾಂಪಿನಲ್ಲಿ ಪ್ಲಗ್ ಹಾಕಿದಾಗ ಹಲವು ಗಾಡಿಗಳಲ್ಲಿ ಮನೆ ಬ್ಯಾಟರಿ ಮಾತ್ರ ಚಾರ್ಜ್ ಆಗುತ್ತದೆ. ಎರಡು ವಾರ ನಿಂತರೆ ಎಂಜಿನ್ ಬ್ಯಾಟರಿ ಸದ್ದಿಲ್ಲದೆ ಇಳಿದಿರುತ್ತದೆ.

ಹಾಗಾಗಿ ಎರಡನ್ನೂ ಅಳೆಯಿರಿ. ಪೂರ್ತಿ ಚಾರ್ಜ್ ಆದ ಲೆಡ್ ಆಸಿಡ್ ಬ್ಯಾಟರಿ, ಚಾರ್ಜರ್ ತೆಗೆದು ಸ್ವಲ್ಪ ಹೊತ್ತು ಬಿಟ್ಟ ಮೇಲೆ, ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ಕ್ಕೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಮುಂದಿನ ಹಂತ. ಇಳಿದ ಬ್ಯಾಟರಿಯಲ್ಲಿ ಮಾಡಿದ ಪರೀಕ್ಷೆಗೆ ಬೆಲೆ ಇಲ್ಲ.

## ಹಂತ 3: ಬಾಗಿಲ ಮ್ಯಾಗ್ನೆಟ್ ಸ್ವಿಚ್

ಬಾಗಿಲಲ್ಲಿ ಒಂದು ಪುಟ್ಟ ಮ್ಯಾಗ್ನೆಟ್, ಚೌಕಟ್ಟಿನಲ್ಲಿ ಅದರ ಎದುರಿಗೆ ಒಂದು ಸ್ವಿಚ್. ಬಾಗಿಲು ಮುಚ್ಚಿದಾಗ ಮ್ಯಾಗ್ನೆಟ್ ಹತ್ತಿರ ಬಂದು ಸ್ವಿಚ್ ಒಳಗಿನ ಎಲೆಗಳು ಕೂಡಿಕೊಳ್ಳುತ್ತವೆ. ಮನೆಯ ಕಳ್ಳರ ಅಲಾರಂನಲ್ಲಿ ಇರುವಂಥದ್ದೇ.

ಪರೀಕ್ಷೆಗೆ ಒಂದು ನಿಮಿಷ ಸಾಕು. ಮೆಟ್ಟಿಲ ಸ್ವಿಚ್ ಆನ್ ಮಾಡಿ, ಬಾಗಿಲು ತೆರೆದೇ ಇಡಿ. ಮೆಟ್ಟಿಲ ದಾರಿಯಲ್ಲಿ ಯಾರ ಕಾಲೂ ಇರಬಾರದು. ಕೈಯಲ್ಲಿರುವ ಬಿಡಿ ಮ್ಯಾಗ್ನೆಟ್ಟನ್ನು ಚೌಕಟ್ಟಿನ ಸ್ವಿಚ್ಚಿಗೆ ಮುಟ್ಟಿಸಿ. ಮೆಟ್ಟಿಲು ಒಳಗೆ ಹೋಯಿತೇ? ಮ್ಯಾಗ್ನೆಟ್ ತೆಗೆದಾಗ ಹೊರಗೆ ಬಂತೇ? ಹಾಗಾದರೆ ಸ್ವಿಚ್, ಡಬ್ಬಿ, ಮೋಟರ್ ಎಲ್ಲವೂ ಸರಿ ಇವೆ. ಬಾಗಿಲ ಮ್ಯಾಗ್ನೆಟ್ ಬಿದ್ದುಹೋಗಿದೆ, ಇಲ್ಲವೇ ದೂರ ಆಗಿದೆ.

ದೂರ ಆಗುವುದು ಹೇಗೆ? ವರ್ಷಗಳು ಕಳೆದಂತೆ ಬಾಗಿಲು ಕೀಲಿನಲ್ಲಿ ಜೋತು ಬೀಳುತ್ತದೆ. ಮ್ಯಾಗ್ನೆಟ್ಟೂ ಸ್ವಿಚ್ಚೂ ಎದುರುಬದುರು ಇದ್ದದ್ದು ಮೇಲೆ ಕೆಳಗೆ ಆಗುತ್ತವೆ. ಮಳೆ ನೀರು ಬರಬಾರದೆಂದು ದಪ್ಪನೆಯ ಹೊಸ ರಬ್ಬರ್ ಬೀಡಿಂಗ್ ಅಂಟಿಸಿದ್ದರೂ ಅಷ್ಟೇ, ಬಾಗಿಲು ಕೂದಲೆಳೆಯಷ್ಟು ಹೊರಗೆ ನಿಲ್ಲುತ್ತದೆ. ನನ್ನ ಪರಿಚಯದವರೊಬ್ಬರ ಮೆಟ್ಟಿಲು ಬೆಳಿಗ್ಗೆ ಕೆಲಸ ಮಾಡದೆ ಮಧ್ಯಾಹ್ನ ಮಾಡುತ್ತಿತ್ತು. ಚಳಿಗೆ ಬೀಡಿಂಗ್ ಗಟ್ಟಿಯಾಗಿ ಬಾಗಿಲನ್ನು ತಳ್ಳುತ್ತಿತ್ತು, ಬಿಸಿಲೇರಿದ ಮೇಲೆ ಮೆತ್ತಗಾಗುತ್ತಿತ್ತು. ಮ್ಯಾಗ್ನೆಟ್ ಹಿಂದೆ ತೆಳ್ಳನೆ ಪ್ಲಾಸ್ಟಿಕ್ ಚೂರೊಂದನ್ನಿಟ್ಟು ಮುಂದೆ ತಂದೆವು, ಸರಿಹೋಯಿತು.

ಮ್ಯಾಗ್ನೆಟ್ ಮುಟ್ಟಿಸಿದರೂ ಏನೂ ಆಗದಿದ್ದರೆ ಸ್ವಿಚ್ ಬಿಚ್ಚಿ ಅದರ ಎರಡು ವೈರಿಗೆ ಮೀಟರಿನ ಬೀಪ್ ಪರೀಕ್ಷೆ (ದಾರಿ ಕೂಡಿದ್ದರೆ ಸದ್ದು ಮಾಡುವುದು) ಹಿಡಿಯಿರಿ. ಜಾಸ್ತಿ ಮೆಟ್ಟಿಲುಗಳಲ್ಲಿ ಮ್ಯಾಗ್ನೆಟ್ ಹತ್ತಿರ ಇದ್ದಾಗ ಬೀಪ್ ಬರಬೇಕು, ದೂರ ಹೋದಾಗ ನಿಲ್ಲಬೇಕು. ಸದಾ ಬೀಪ್ ಅಥವಾ ಬೀಪೇ ಇಲ್ಲ ಎಂದರೆ ಸ್ವಿಚ್ ಬದಲಿಸಿ.

ಒಂದು ಅಪಾಯದ ಸೂಚನೆ: ಗಾಡಿ ಓಡುವಾಗ ಮೆಟ್ಟಿಲು ತಾನೇ ಹೊರಗೆ ಬಂದು ಹೋಗುವ ಸದ್ದು ಕೇಳಿದರೆ ಬಾಗಿಲು ಅಲುಗಾಡಿ ಈ ಸ್ವಿಚ್ ಬಿಟ್ಟು ಬಿಟ್ಟು ಹಿಡಿಯುತ್ತಿದೆ. ಮುಂದಿನ ಜಾಗದಲ್ಲಿ ನಿಲ್ಲಿಸಿ ಫ್ಯೂಸ್ ತೆಗೆಯಿರಿ. ಹೊರಗೆ ಚಾಚಿದ ಮೆಟ್ಟಿಲು ಪೆಟ್ರೋಲ್ ಬಂಕಿನ ಕಾಂಕ್ರೀಟ್ ಕಟ್ಟೆಗೆ ತಗುಲಿದರೆ ಮೆಟ್ಟಿಲಷ್ಟೇ ಅಲ್ಲ, ಅದನ್ನು ಹಿಡಿದ ಫ್ರೇಮೂ ಹೋಗುತ್ತದೆ.

## ಹಂತ 4: ಪ್ಲಗ್ಗುಗಳು ಮತ್ತು ಬಾಡಿ ಅರ್ಥ್

ಈ ಹಂತಕ್ಕೆ ಸಮಯ ಕೊಡಿ. ನಾನು ನೋಡಿದ ಕೇಸುಗಳಲ್ಲಿ ಅತಿ ಹೆಚ್ಚು ಮುಗಿದದ್ದು ಇಲ್ಲೇ.

ಮೆಟ್ಟಿಲು ಇರುವ ಜಾಗ ನೋಡಿ. ಮುಂದಿನ ಚಕ್ರ ಎರಚುವ ನೀರು, ಧೂಳು ನೇರ ಅಲ್ಲಿಗೇ ಬಂದು ಬೀಳುತ್ತದೆ. ಮಿಶಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪು ನೀರು ಪ್ಲಗ್ಗಿನೊಳಗೆ ಸೇರಿ ಒಳಗಿನ ಪಿನ್ನುಗಳು ಹಸಿರು ಪುಡಿ ಹಿಡಿಯುತ್ತವೆ.

ಫ್ಯೂಸ್ ತೆಗೆದು ಎಲ್ಲ ಪ್ಲಗ್ಗುಗಳನ್ನು ಬಿಚ್ಚಿ. ವೈರು ಹಿಡಿದು ಎಳೆಯಬೇಡಿ, ಲಾಕ್ ಒತ್ತಿ ಪ್ಲಗ್ ಹಿಡಿದು ಬಿಚ್ಚಿ. ಹಸಿರು ಕಿಲುಬು, ಕಪ್ಪಾದ ಪಿನ್ನು, ಕರಗಿದ ಪ್ಲಾಸ್ಟಿಕ್ ಇದೆಯೇ ನೋಡಿ. ಕ್ಲೀನರ್ ಹೊಡೆದು ಚಿಕ್ಕ ಬ್ರಷ್‌ನಲ್ಲಿ ಉಜ್ಜಿ. ಪೂರ್ತಿ ಒಣಗಲು ಬಿಡಿ.

ಈಗ ಬಣ್ಣಗಳ ವಿಷಯ. ಅಮೆರಿಕದ ಮೋಟರ್‌ಹೋಮ್‌ನ ಮನೆ ಭಾಗದ 12 ವೋಲ್ಟ್ ವೈರಿಂಗಿನಲ್ಲಿ ಕಪ್ಪು ವೈರು ಪಾಸಿಟಿವ್, ಬಿಳಿ ನೆಗೆಟಿವ್ ಇರುವುದು ಸಾಮಾನ್ಯ. ಅದೇ ಗಾಡಿಯ ಎಂಜಿನ್ ಭಾಗದಲ್ಲಿ ಕಪ್ಪು ಎಂದರೆ ನೆಗೆಟಿವ್. ಎರಡೂ ಮೆಟ್ಟಿಲ ಹತ್ತಿರ ಬಂದು ಸೇರುತ್ತವೆ. ಕಪ್ಪು ಅಂದರೆ ಅರ್ಥ್ ಅಂತ ನಂಬಿ ಬಾಡಿಗೆ ಮುಟ್ಟಿಸಿ ಕಿಡಿ ಹಾರಿಸಿದವರು ಇದ್ದಾರೆ. ಬಣ್ಣ ನಂಬಬೇಡಿ. ಮೀಟರ್ ಹಿಡಿಯಿರಿ, ನಿಮ್ಮ ಮಾಡೆಲ್‌ನ ವೈರಿಂಗ್ ಚಿತ್ರ ಜೊತೆಗಿರಲಿ. ಮಾಡೆಲ್ ನಂಬರ್ ಮೆಟ್ಟಿಲಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ.

ಫ್ಯೂಸ್ ವಾಪಸ್ ಹಾಕಿ. ಗಾಡಿ ಕಡೆಯಿಂದ ಬರುವ ಪ್ಲಗ್ಗಿನ ಪಾಸಿಟಿವ್ ಮತ್ತು ಅರ್ಥ್ ಪಿನ್ನುಗಳ ಮಧ್ಯೆ ಮೀಟರ್ ಹಿಡಿಯಿರಿ. 12.5 ತೋರಿಸಿತು ಅಂದುಕೊಳ್ಳಿ. ಇಲ್ಲೇ ಎಲ್ಲರೂ "ಕರೆಂಟ್ ಬರ್ತಿದೆ, ಮೋಟರೇ ಹೋಗಿರಬೇಕು" ಅಂತ ತೀರ್ಮಾನಿಸಿ ಪೇಟೆಗೆ ಹೋಗುತ್ತಾರೆ.

ನಿಲ್ಲಿ. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲದಷ್ಟು ಕಮ್ಮಿ. ಹತ್ತು ಎಳೆಯ ವೈರಿನಲ್ಲಿ ಒಂಬತ್ತು ತುಂಡಾಗಿದ್ದರೂ ಮೀಟರಿಗೆ 12.5 ಕಾಣುತ್ತದೆ. ಈಗ ಹೆಡ್‌ಲೈಟ್ ಬಲ್ಬನ್ನು ಅದೇ ಎರಡು ಪಿನ್ನುಗಳಿಗೆ ಸಿಕ್ಕಿಸಿ. 55 ವಾಟಿನ ಬಲ್ಬು 4ರಿಂದ 5 ಆಂಪ್ ಎಳೆಯುತ್ತದೆ. ಗಾಜು ಬೇಗ ಸುಡುವಷ್ಟು ಬಿಸಿಯಾಗುತ್ತದೆ, ಮುಟ್ಟಬೇಡಿ.

ಬಲ್ಬು ಬೆಳ್ಳಗೆ ಉರಿದು, ಮೀಟರ್ 12ರ ಆಸುಪಾಸಿನಲ್ಲೇ ನಿಂತರೆ ದಾರಿ ಚೊಕ್ಕವಾಗಿದೆ. ಬಲ್ಬು ಕೆಂಪಗೆ, ಹಳದಿಯಾಗಿ ಉರಿದರೆ ಎಲ್ಲೋ ತಡೆ ಇದೆ. ಮೆಟ್ಟಿಲಿನ ಮೋಟರ್ ಬಲ್ಬಿಗಿಂತ ಜಾಸ್ತಿ ಎಳೆಯುತ್ತದೆ, ಹಾಗಾಗಿ ಇಲ್ಲಿ ಒಂದು ವೋಲ್ಟ್ ಕುಸಿದರೂ ಸುಮ್ನೆ ಬಿಡಬೇಡಿ.

ನನ್ನ ಗಾಡಿಯಲ್ಲಿ ಆದದ್ದು ಇದೇ. ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ಬರೀ ಮೀಟರಿಗೆ 12.5, ಬಲ್ಬು ಸಿಕ್ಕಿಸಿದ ಕೂಡಲೇ 8. ಕಳೆದುಹೋದ ನಾಲ್ಕೂವರೆ ವೋಲ್ಟ್ ಎಲ್ಲಿ? ಬಲ್ಬು ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದನ್ನು ಪ್ಲಗ್ಗಿನ ಅರ್ಥ್ ಪಿನ್ನಿಗೆ ಹಿಡಿದೆ. ಒಳ್ಳೆಯ ಅರ್ಥ್ ಆದರೆ ಅರ್ಧ ವೋಲ್ಟಿಗಿಂತ ಕಮ್ಮಿ ಇರಬೇಕು. ನನಗೆ ಬಂದದ್ದು 4ಕ್ಕಿಂತ ಜಾಸ್ತಿ. ಅಂದರೆ ದೋಷ ಅರ್ಥ್ ಕಡೆ.

ಅರ್ಥ್ ವೈರನ್ನು ಹಿಂಬಾಲಿಸಿದಾಗ ಅದು ಫ್ರೇಮಿಗೆ ಕೂಡುವ ಬೋಲ್ಟ್ ಸಿಕ್ಕಿತು. ಮೇಲೆ ನೋಡಲು ಗಟ್ಟಿಯಾಗಿಯೇ ಇತ್ತು. ಬಿಚ್ಚಿದಾಗ ರಿಂಗ್ ಟರ್ಮಿನಲ್ (ವೈರಿನ ತುದಿಯ ಲೋಹದ ಬಳೆ) ಕೆಳಗೆ ಕಾಫಿ ಪುಡಿ ಬಣ್ಣದ ತುಕ್ಕಿನ ಪದರ. ಬೆರಳಲ್ಲಿ ಉಜ್ಜಿದರೆ ಪುಡಿಪುಡಿಯಾಗಿ ಉದುರಿತು. ಕರೆಂಟ್ ಆ ಪುಡಿಯ ಮೂಲಕ ಹೋಗಬೇಕಿತ್ತು.

ರಿಪೇರಿ ಹೀಗೆ ಮಾಡಿ. ಬೋಲ್ಟ್ ಬಿಚ್ಚಿ, ಫ್ರೇಮಿನ ಆ ಜಾಗವನ್ನು ಉಪ್ಪು ಕಾಗದದಲ್ಲಿ ಬರೀ ಕಬ್ಬಿಣ ಹೊಳೆಯುವ ತನಕ ಉಜ್ಜಿ. ಬಣ್ಣದ ಮೇಲೆ ಕೂರಿಸಿದ ಅರ್ಥ್ ಅರ್ಥ್ ಅಲ್ಲ. ಹೊಸ ರಿಂಗ್ ಟರ್ಮಿನಲ್ ಕ್ರಿಂಪ್ ಮಾಡಿ, ಹಲ್ಲು ವಾಷರ್ ಹಾಕಿ ಬಿಗಿ ಮಾಡಿ. ಬಿಗಿಯಾದ ಮೇಲೆ ಹೊರಗಿಂದ ಗ್ರೀಸ್ ಅಥವಾ ಬಣ್ಣ ಬಳಿಯಿರಿ, ಮೊದಲೇ ಅಲ್ಲ. ಪ್ಲಗ್ಗುಗಳಿಗೂ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಹಚ್ಚಿ ಕೂಡಿಸಿ. ಮತ್ತೆ ಬಲ್ಬ್ ಪರೀಕ್ಷೆ ಮಾಡಿ.

ಅರ್ಥ್ ಸರಿ ಇದ್ದರೆ ಇದೇ ರೀತಿ ಪಾಸಿಟಿವ್ ಕಡೆ ನೋಡಿ: ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಪ್ಲಗ್ಗಿನ ಪಾಸಿಟಿವ್ ಪಿನ್ನಿಗೆ. ಅಲ್ಲಿ ವೋಲ್ಟ್ ಕಂಡರೆ ಫ್ಯೂಸ್ ಹೋಲ್ಡರ್ ಮೇಲೆ ಮೊದಲು ಅನುಮಾನ ಪಡಿ.

## ಹಂತ 5: ಇಗ್ನಿಷನ್ ಸುದ್ದಿ

ಇದು ಬೇಗ ಮುಗಿಯುತ್ತದೆ. ಕೀ ಆನ್ ಮಾಡಿದಾಗ ಇಗ್ನಿಷನ್ ಪಿನ್ನಿನಲ್ಲಿ 12 ವೋಲ್ಟ್, ಆಫ್ ಮಾಡಿದಾಗ ಸೊನ್ನೆ. ಕೀ ಆನ್ ಇದ್ದಾಗ ಬರದಿದ್ದರೆ ಎಂಜಿನ್ ಭಾಗದ ಫ್ಯೂಸ್ ನೋಡಿ. ಹೊಸ ರೇಡಿಯೋ, ಕ್ಯಾಮೆರಾ ಹಾಕಿಸಿದ ಮೇಲೆ ಈ ತೊಂದರೆ ಶುರುವಾದರೆ ಹಾಕಿದವರು ಈ ವೈರನ್ನು ಮುಟ್ಟಿದ್ದಾರಾ ಅಂತ ಕೇಳಿ.

## ಹಂತ 6: ಕೀಲುಗಳನ್ನು ಕೈಯಲ್ಲಿ ಪರೀಕ್ಷಿಸಿ

ಫ್ಯೂಸ್ ತೆಗೆಯಿರಿ. ಮೋಟರಿನ ಗೇರ್‌ಬಾಕ್ಸಿನಿಂದ ಬರುವ ತೋಳನ್ನು ಮೆಟ್ಟಿಲಿಗೆ ಕೂಡಿಸುವ ಪಿನ್ ಒಂದಿರುತ್ತದೆ, ಅದಕ್ಕೊಂದು ಕಾಟರ್ ಪಿನ್. ಕಾಟರ್ ನೇರ ಮಾಡಿ ಎಳೆದು, ಪಿನ್ ಹೊರಗೆ ತೆಗೆಯಿರಿ. ಮೆಟ್ಟಿಲು ತಟ್ಟನೆ ಜಾರಬಹುದು, ಒಂದು ಕೈಯಲ್ಲಿ ಹಿಡಿದಿರಿ.

ಈಗ ಮೆಟ್ಟಿಲನ್ನು ಪೂರ್ತಿ ಒಳಗೆ, ಪೂರ್ತಿ ಹೊರಗೆ ಆಡಿಸಿ. ಒಂದೇ ಕೈಯಲ್ಲಿ ಸಲೀಸಾಗಿ ಹೋಗಿ ಬರಬೇಕು. ಕಾಲಲ್ಲಿ ಒದೆಯಬೇಕು ಅಂತಿದ್ದರೆ ಯಾವ ಮೋಟರ್ ಹಾಕಿದರೂ ಪ್ರಯೋಜನ ಇಲ್ಲ.

ಎಲ್ಲಿ ಹಿಡಿಯುತ್ತಿದೆ ನೋಡಿ. ಕೀಲುಗಳ ಮಧ್ಯೆ ಜಲ್ಲಿಕಲ್ಲು, ಒಣಗಿದ ಕೆಸರು, ಚಳಿಗಾಲದಲ್ಲಿ ಮಂಜುಗಡ್ಡೆ. ಕಟ್ಟೆಗೆ ತಗುಲಿ ಚೌಕಟ್ಟು ಸೊಟ್ಟ ಆಗಿದೆಯೇ ತಿಳಿಯಲು ಎಡ ಬಲ ಎರಡೂ ಕಡೆ ಟೇಪು ಹಿಡಿದು ಅಳತೆ ಹೋಲಿಸಿ. ಪಿನ್ ಕೂರುವ ತೂತು ದುಂಡಗಿಲ್ಲದೆ ಮೊಟ್ಟೆ ಆಕಾರ ಆಗಿದ್ದರೆ ಆ ಕೊಂಡಿ ಸವೆದಿದೆ. ರಸ್ತೆಯಲ್ಲಿ ಲೊಟಲೊಟ ಸದ್ದು ಬರುವುದು ಅದರಿಂದಲೇ.

ಬರೀ ಬಿಗಿಯಾಗಿದ್ದರೆ ಮೊದಲು ತೊಳೆಯಿರಿ, ಆಮೇಲೆ ಎಣ್ಣೆ. ಮೇಲಿಂದ ಮೇಲೆ ಎಣ್ಣೆ ಸುರಿದರೆ ಮಣ್ಣಿನ ಜೊತೆ ಸೇರಿ ಅರೆಯುವ ಹಿಟ್ಟಾಗುತ್ತದೆ. ಬ್ರಷ್, ಸೋಪು ನೀರು ಸಾಕು. ಪ್ರೆಶರ್ ವಾಷರ್‌ನ ಮೂತಿಯನ್ನು ಮೋಟರ್, ಡಬ್ಬಿ ಕಡೆ ತಿರುಗಿಸಬೇಡಿ. ಒಣಗಿದ ಮೇಲೆ ಸಿಲಿಕೋನ್ ಅಥವಾ ಟೆಫ್ಲಾನ್ ಇರುವ ಒಣ ಲೂಬ್ರಿಕಂಟ್ ಪ್ರತಿ ಕೀಲಿಗೂ ಹೊಡೆದು ಇಪ್ಪತ್ತು ಸಲ ಕೈಯಲ್ಲೇ ಆಡಿಸಿ. ದಪ್ಪ ಗ್ರೀಸ್, ಎಂಜಿನ್ ಆಯಿಲ್ ಬೇಡ, ಧೂಳು ಹಿಡಿಯುತ್ತವೆ. ಪ್ರಯಾಣದ ದಿನಗಳಲ್ಲಿ ತಿಂಗಳಿಗೊಮ್ಮೆ ಇದನ್ನು ಮಾಡಿದರೆ ಅರ್ಧದಲ್ಲಿ ನಿಲ್ಲುವ ಕಾಯಿಲೆ ಬರುವುದೇ ಅಪರೂಪ.

## ಹಂತ 7: ಈಗ ಮೋಟರ್

ಪಿನ್ ಇನ್ನೂ ಹೊರಗೇ ಇರಲಿ. ಮೋಟರಿನ ಎರಡು ವೈರಿನ ಪ್ಲಗ್ಗನ್ನು ಡಬ್ಬಿಯಿಂದ ಬಿಚ್ಚಿ. ಡಬ್ಬಿಗೆ ಕೂಡಿದ್ದಾಗಲೇ ಹೊರಗಿನ ಕರೆಂಟ್ ಕೊಟ್ಟರೆ ಡಬ್ಬಿ ಸುಟ್ಟುಹೋಗಬಹುದು. ಫ್ಯೂಸ್ ಇರುವ ಜಂಪರ್ ವೈರಿನಿಂದ ಮೋಟರಿಗೆ ನೇರ 12 ವೋಲ್ಟ್ ಒಂದೆರಡು ಸೆಕೆಂಡು ಮಾತ್ರ ಕೊಡಿ. ವೈರು ಅದಲು ಬದಲು ಮಾಡಿದರೆ ತೋಳು ಉಲ್ಟಾ ತಿರುಗಬೇಕು.

ಎರಡೂ ಕಡೆ ಚುರುಕಾಗಿ ತಿರುಗಿದರೆ ಮೋಟರ್ ಆರೋಗ್ಯವಾಗಿದೆ, ಬದಲಿಸಬೇಡಿ. ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಮಾತ್ರ ತಿರುಗಿದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ. ಇವತ್ತು ತಟ್ಟಿ ಓಡಿಸಬಹುದು, ಮುಂದಿನ ಪ್ರಯಾಣಕ್ಕೆ ಹೊಸದು ಬೇಕು. ಮೋಟರ್ ಸದ್ದು ಮಾಡುತ್ತದೆ, ತೋಳು ತಿರುಗುವುದಿಲ್ಲ ಎಂದರೆ ಗೇರ್ ಹಲ್ಲು ಹೋಗಿದೆ.

## ಹಂತ 8: ಕೊನೆಗೆ ಕಂಟ್ರೋಲ್ ಡಬ್ಬಿ

ಕರೆಂಟ್, ಅರ್ಥ್, ಬಾಗಿಲು, ಇಗ್ನಿಷನ್, ಕೀಲು, ಮೋಟರ್ ಎಲ್ಲವೂ ಸರಿ ಇವೆ ಅಂತ ಖಾತ್ರಿ ಆದಮೇಲೆ ಮಾತ್ರ ಇಲ್ಲಿಗೆ ಬನ್ನಿ. ಫ್ಯೂಸ್ ವಾಪಸ್ ಹಾಕಿ, ಡಬ್ಬಿಯಿಂದ ಮೋಟರಿಗೆ ಹೋಗುವ ಪ್ಲಗ್ಗಿಗೆ ಮೀಟರ್ ಹಿಡಿದು, ಇನ್ನೊಬ್ಬರಿಂದ ಬಾಗಿಲು ತೆಗೆಸಿ ಮುಚ್ಚಿಸಿ. ಒಂದು ಕ್ಷಣವಾದರೂ 12 ವೋಲ್ಟ್ ಕಾಣಬೇಕು, ತೆಗೆದಾಗ ಒಂದು ದಿಕ್ಕು, ಮುಚ್ಚಿದಾಗ ಮೈನಸ್ ಚಿಹ್ನೆಯ ಜೊತೆ ಉಲ್ಟಾ ದಿಕ್ಕು. ಎರಡೂ ಬರದಿದ್ದರೆ ಅಥವಾ ಒಂದೇ ಬಂದರೆ ಡಬ್ಬಿ ಕೆಟ್ಟಿದೆ. ಒಳಗೆ ಅಂಟು ತುಂಬಿ ಮುಚ್ಚಿರುವುದರಿಂದ ಬಿಚ್ಚಿ ರಿಪೇರಿ ಮಾಡುವುದು ಕಷ್ಟ. ಹೊಸದನ್ನು ತರುವಾಗ ಚಿತ್ರ ನೋಡಿ ತರಬೇಡಿ, ಹಳೆಯದರ ಮೇಲಿನ ಪಾರ್ಟ್ ನಂಬರ್ ಹೊಂದಿಸಿ ತನ್ನಿ. ಹೊರಗಿಂದ ಒಂದೇ ತರ ಕಾಣುವ ಡಬ್ಬಿಗಳ ಒಳಗು ಬೇರೆ ಬೇರೆ.

## ದಾರಿಯಲ್ಲಿ ಹೊರಗೇ ಸಿಕ್ಕಿಕೊಂಡರೆ

ಕ್ಯಾಂಪ್ ಬಿಡುವ ಹೊತ್ತಿಗೆ ಮೆಟ್ಟಿಲು ಒಳಗೆ ಹೋಗುತ್ತಿಲ್ಲ. ಹೊಡೆದು ಬಡಿದು ತಳ್ಳಬೇಡಿ, ಗೇರ್ ಹಲ್ಲು ಮುರಿಯುತ್ತದೆ.

ಫ್ಯೂಸ್ ತೆಗೆಯಿರಿ. ಹಂತ 6ರಲ್ಲಿ ಹೇಳಿದ ಪಿನ್ ತೆಗೆದು ಮೆಟ್ಟಿಲನ್ನು ಕೈಯಲ್ಲಿ ಒಳಗೆ ತಳ್ಳಿ. ರ‍್ಯಾಚೆಟ್ ಸ್ಟ್ರಾಪ್ ಅಥವಾ ದಪ್ಪ ಕಬ್ಬಿಣದ ತಂತಿಯಿಂದ ಮೆಟ್ಟಿಲಿನ ಹೊರ ಚೌಕಟ್ಟಿಗೇ ಬಿಗಿದು ಕಟ್ಟಿ. ರಬ್ಬರ್ ಹಗ್ಗ ಬೇಡ, ಗುಂಡಿಗೆ ಎಗರಿದಾಗ ಹಿಗ್ಗುತ್ತದೆ. ಸ್ಟ್ರಾಪಿನ ತುದಿ ಸೈಲೆನ್ಸರಿಗೆ, ತಿರುಗುವ ಶಾಫ್ಟಿಗೆ ತಾಗದ ಹಾಗೆ ಕತ್ತರಿಸಿ ಅಥವಾ ಸುತ್ತಿ ಕಟ್ಟಿ. ಮೋಟರಿನ ತೋಳು ಜೋಲಾಡದ ಹಾಗೆ ಅದನ್ನೂ ಕಟ್ಟಿ. ಪಿನ್ನನ್ನು ಕವರಿನಲ್ಲಿ ಹಾಕಿ ಸ್ಟೀರಿಂಗ್‌ಗೆ ನೇತು ಹಾಕಿ, ಕಳೆಯುವುದಿಲ್ಲ.

ಬಾಗಿಲ ಒಳಗಡೆ, ಕಣ್ಣೆತ್ತರಕ್ಕೆ, ದೊಡ್ಡಕ್ಷರದಲ್ಲಿ "ಮೆಟ್ಟಿಲು ಇಲ್ಲ" ಅಂತ ಬರೆದು ಅಂಟಿಸಿ. ಅಗಲ ಕಾಲಿನ ಗಟ್ಟಿ ಸ್ಟೂಲ್ ಒಂದು ಗಾಡಿಯಲ್ಲಿ ಯಾವಾಗಲೂ ಇರಲಿ. ಊರಿಂದ ಹಿರಿಯರು ಬಂದಿದ್ದರೆ ಸ್ಟೂಲ್ ಇಟ್ಟು, ಕೈ ಹಿಡಿದು ಇಳಿಸಿ.

## ಮುಂಚೆಯೇ ಕಾಣುವ ಸೂಚನೆಗಳು

ಮೆಟ್ಟಿಲು ದಿನದಿಂದ ದಿನಕ್ಕೆ ನಿಧಾನ ಆಗುವುದು. ಒಳಗೆ ಹೋಗುವಾಗ ಕೊನೆಯಲ್ಲಿ ಎರಡು ಸಲ ಎಳೆದಾಡುವುದು. ಬಾಗಿಲನ್ನು ಜೋರಾಗಿ ಹಾಕಿದಾಗ ಮಾತ್ರ ಕೆಲಸ ಮಾಡುವುದು. ಮೆಟ್ಟಿಲು ಚಲಿಸುವಾಗ ಒಳಗಿನ ಲೈಟು ಮಂಕಾಗುವುದು. ಮೇಲೆ ನಿಂತಾಗ ಒಂದು ಕಡೆಗೆ ವಾಲುವುದು. ಈ ಕೊನೆಯದು ಕಂಡರೆ ಬಳಸುವುದನ್ನೇ ನಿಲ್ಲಿಸಿ. ಅದು ಕರೆಂಟಿನ ವಿಷಯ ಅಲ್ಲ, ಬೋಲ್ಟ್ ಅಥವಾ ಬೆಸುಗೆ ಬಿಟ್ಟಿದೆ.

ಇನ್ನೊಂದು ಅಭ್ಯಾಸ ಈಗಲೇ ಮಾಡಿಕೊಳ್ಳಿ. ಕ್ಯಾಂಪಿನಲ್ಲಿ ನಿಂತ ಕೂಡಲೇ ಮೆಟ್ಟಿಲು ಹೊರಗೆ ಬಂದ ಮೇಲೆ ಒಳಗಿನ ಸ್ವಿಚ್ ಆಫ್ ಮಾಡಿ. ದಿನಕ್ಕೆ ಐವತ್ತು ಸಲ ಒಳಗೆ ಹೊರಗೆ ಓಡಾಡುವ ಕೆಲಸ ಅದಕ್ಕೂ ತಪ್ಪುತ್ತದೆ, ಮೆಟ್ಟಿಲು ಇದೆಯೋ ಇಲ್ಲವೋ ಎಂಬ ಗುಮಾನಿ ಮನೆಯವರಿಗೂ ತಪ್ಪುತ್ತದೆ.

## ರಿಪೇರಿ ಆದಮೇಲೆ

ಪಿನ್ ಹಾಕಿ, ಹೊಸ ಕಾಟರ್ ಪಿನ್ ಹಾಕಿ ಮಡಚಿ. ಹಳೆಯದನ್ನೇ ಮತ್ತೆ ಬಾಗಿಸಿದರೆ ರಸ್ತೆಯಲ್ಲಿ ಮುರಿದು ಬೀಳುತ್ತದೆ. ಪ್ಲಗ್ಗು, ಫ್ಯೂಸ್ ವಾಪಸ್ ಹಾಕಿ, ಸ್ವಿಚ್ ಆನ್ ಇಟ್ಟು ಬಾಗಿಲನ್ನು ಹತ್ತು ಸಲ ತೆಗೆದು ಮುಚ್ಚಿ, ಪ್ರತಿಸಲವೂ ಪೂರ್ತಿ ಹೋಗಿ ಪೂರ್ತಿ ಬರಬೇಕು. ಮೆಟ್ಟಿಲು ಹೊರಗಿರುವಾಗ ಸ್ವಿಚ್ ಆಫ್ ಮಾಡಿ ಬಾಗಿಲು ಮುಚ್ಚಿ, ಹೊರಗೇ ನಿಂತಿರಬೇಕು. ಆಮೇಲೆ ಇಗ್ನಿಷನ್ ಆನ್ ಮಾಡಿ, ಒಳಗೆ ಬರಬೇಕು.

ಮೊದಲು ನೀವೇ ಹತ್ತಿ, ಎರಡೂ ಅಂಚಿನಲ್ಲಿ ಭಾರ ಹಾಕಿ ನೋಡಿ. ಆಮೇಲೆ ಇಪ್ಪತ್ತು ಮೈಲಿ ಓಡಿಸಿಕೊಂಡು ಬಂದು ಆ ಅರ್ಥ್ ಬೋಲ್ಟಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ.